ಶಾಲೆಯ ಚೀಟಿ ಮನೆ ಮುಟ್ಟಬೇಕಾದರೆ

ಕಲ್ಯಾಣ ಕರ್ನಾಟಕದ ಒಂದು ಗ್ರಾಮದ ಹಿರಿಯ ಪ್ರಾಥಮಿಕ ಶಾಲೆ. ಕೆಲವು ವರ್ಷಗಳ ಹಿಂದೆ ಮಕ್ಕಳ ಆರೋಗ್ಯ ತಪಾಸಣೆಯ ತಂಡದೊಂದಿಗೆ ನಾನು ಅಲ್ಲಿಗೆ ಹೋಗಿದ್ದೆ. ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಹೃದಯದ ಬಡಿತಗಳ ನಡುವೆ ಇರಬಾರದ ಸಪ್ಪಳವೊಂದು ಕೇಳಿಸಿತು. ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬೇಕೆಂದು ಚೀಟಿ ಬರೆದು ಆಕೆಯ ಕೈಗಿತ್ತೆವು. ಮರುವರ್ಷ ಅದೇ ಶಾಲೆಗೆ ಹೋದಾಗ ಅದೇ ಮಗು, ಅದೇ ಸಪ್ಪಳ. ಚೀಟಿ ಏನಾಯಿತೆಂದು ಕೇಳಿದರೆ, ಪುಸ್ತಕದ ಚೀಲದ ತಳದಿಂದ ನಾಲ್ಕು ಮಡಿಕೆಯಾಗಿ ಸವೆದಿದ್ದ ಕಾಗದವನ್ನು ಜೋಪಾನವಾಗಿ ತೆಗೆದುಕೊಟ್ಟಳು. ತಂದೆತಾಯಿಗಳು ಗುಳೆ ಹೋಗಿದ್ದರು. ಮನೆಯಲ್ಲಿದ್ದ ಅಜ್ಜಿಗೆ ಓದು ಬಾರದು. ಕಾಗದವನ್ನು ಹಿರಿಯರಿಗೆ ಕೊಡಬೇಕೆಂದು ಆ ಮಗುವಿಗೆ ತಿಳಿಯುವಂತೆ ಯಾರೂ ಹೇಳಿರಲಿಲ್ಲ. ಹಾಗೆ ಹೇಳದವರಲ್ಲಿ ನಾನೂ ಒಬ್ಬ.

ಶಾಲೆಯೆಂದರೆ ಅಕ್ಷರ ಕಲಿಸುವ ತಾಣವಷ್ಟೇ ಎಂಬ ಭಾವನೆ ನಮ್ಮಲ್ಲಿ ಈಗಲೂ ಬಲವಾಗಿದೆ. ಆದರೆ ಗ್ರಾಮದ ಶಾಲೆ ಇಂದು ಮಾಡುತ್ತಿರುವ ಕೆಲಸವನ್ನು ಒಮ್ಮೆ ಎಣಿಸಿ ನೋಡಬೇಕು. ಅಲ್ಲಿ ಅಡುಗೆಮನೆಯಿದೆ, ಹಾಲು ಕಾಯಿಸುವ ಒಲೆಯಿದೆ, ಜಂತುಹುಳುವಿನ ಮಾತ್ರೆಯಿದೆ, ಕಬ್ಬಿಣಾಂಶದ ಮಾತ್ರೆಯಿದೆ, ಲಸಿಕೆ ಹಾಕಲು ಬರುವ ಆರೋಗ್ಯ ಸಹಾಯಕಿಯಿದ್ದಾಳೆ, ವರ್ಷಕ್ಕೊಮ್ಮೆ ಬರುವ ವೈದ್ಯರಿದ್ದಾರೆ. ಪಲ್ಸ್ ಪೋಲಿಯೋ ಭಾನುವಾರದಂದು ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಬರುವುದೂ ಅನೇಕ ಊರುಗಳಲ್ಲಿ ಶಾಲೆಯ ಜಗುಲಿಗೇ. ಆಸ್ಪತ್ರೆ ದೂರ, ಶಾಲೆ ಮನೆಯಿಂದ ಕೂಗಳತೆ. ಬಡ ಕುಟುಂಬಕ್ಕೆ ಅತ್ಯಂತ ಸಮೀಪದ ಆರೋಗ್ಯದ ಬಾಗಿಲು ಶಾಲೆಯೇ ಆಗಿದೆ.

ಈ ವಿಚಾರ ಹೊಸದಲ್ಲ. ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. 1946ರಲ್ಲಿ ವರದಿಯಿತ್ತ ಭೋರ್ ಸಮಿತಿ ಶಾಲಾ ಆರೋಗ್ಯ ಸೇವೆ ದೇಶದಲ್ಲಿ ಇಲ್ಲವೆಂಬಷ್ಟು ಅಲ್ಪವೆಂದು ಕಂಡಿತು. ಇಂಗ್ಲೆಂಡಿನ ಕೇಂಬ್ರಿಜ್ ಪ್ರಾಂತದಲ್ಲಿ ಹೆನ್ರಿ ಮಾರಿಸ್ ಎಂಬ ಶಿಕ್ಷಣಾಧಿಕಾರಿ, ಹಗಲು ಮಕ್ಕಳಿಗೂ ಸಂಜೆ ಊರಿನ ಹಿರಿಯರಿಗೂ ತೆರೆದಿರುವ ಗ್ರಾಮ ವಿದ್ಯಾಲಯಗಳ ಕಲ್ಪನೆ ಮಾಡಿ, ಮೊದಲನೆಯದನ್ನು 1930ರಲ್ಲಿ ಸಾಸ್ಟನ್ ಎಂಬ ಊರಿನಲ್ಲಿ ನಡೆಸಿ ತೋರಿಸಿದರು. ನಮ್ಮ ನಾಡಿನ ಮಠಗಳ ಪ್ರಸಾದ ನಿಲಯಗಳಲ್ಲಿಯೂ ಓದು ಮತ್ತು ಊಟ ಎಂದೂ ಬೇರೆಬೇರೆಯಾಗಿರಲಿಲ್ಲ. ಸರ್ಕಾರದ ಬಿಸಿಯೂಟ ಯೋಜನೆಗೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟವರಿಗೆ ಈ ನೆನಪು ಇದ್ದೇ ಇರಬೇಕು.

ಬೇಯಿಸಿದ ಊಟವನ್ನು ಶಾಲೆಯಲ್ಲಿಯೇ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆದೇಶಿಸಿತು. ಮರುವರ್ಷವೇ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಇಂದಿನ ನಿಯಮದಂತೆ ಕಿರಿಯ ಪ್ರಾಥಮಿಕ ತರಗತಿಯ ಮಗುವಿನ ತಟ್ಟೆಯಲ್ಲಿ 450 ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನು ಇರಬೇಕು. ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲೊರಿ, 20 ಗ್ರಾಂ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದಲ್ಲಿ 150 ಮಿಲಿಲೀಟರ್ ಹಾಲು ಸೇರಿತು. ಲೆಕ್ಕಕ್ಕಿಂತ ಮುಖ್ಯವಾದುದು ಒಂದುಂಟು. ಬೆಳಿಗ್ಗೆ ಕೂಲಿಗೆ ಹೋಗುವ ತಾಯಿ ಒಲೆ ಹಚ್ಚುವ ಮೊದಲೇ ಶಾಲೆಗೆ ಓಡಿಬಂದ ಮಗುವಿಗೆ ಆ ಲೋಟದ ಹಾಲೇ ದಿನದ ಮೊದಲ ಆಹಾರವಾಗಿರುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲಿಟ್ಟು ಬೀಳುವ ಮಕ್ಕಳನ್ನು ಕಂಡ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಊಟವಿದ್ದೂ ರಕ್ತಹೀನತೆ ಏಕೆ ಹೋಗಿಲ್ಲವೆಂಬುದು ಎಲ್ಲರೂ ಕೇಳಬೇಕಾದ ಪ್ರಶ್ನೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂದರೆ ಮಗು ಶಾಲೆಯ ಹೊಸ್ತಿಲು ತುಳಿಯುವ ಮೊದಲೇ ಕೊರತೆಯೊಂದಿಗೆ ಬರುತ್ತದೆ. ಆ ಕೊರತೆ ಬಹುಮಟ್ಟಿಗೆ ತಾಯಿಯ ಗರ್ಭದಲ್ಲಿಯೇ ಆರಂಭವಾಗಿರುತ್ತದೆ. ಆದುದರಿಂದ ಮಗುವಿನೊಬ್ಬನನ್ನೇ ಹಿಡಿದು ಮಾತ್ರೆ ನುಂಗಿಸಿದರೆ ಸಾಲದು, ಮನೆಯ ಅಡುಗೆಯನ್ನೂ ಮುಟ್ಟಬೇಕು.

ರಕ್ತಹೀನತೆಯ ಗುರುತುಗಳನ್ನು ಮನೆಯಲ್ಲಿಯೇ ನೋಡಬಹುದು. ಕೆಳಗಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುವುದು, ಆಟದಲ್ಲಿ ಬೇಗ ಏದುಸಿರು, ಪಾಠದಲ್ಲಿ ತೂಕಡಿಕೆ. ಇನ್ನೊಂದು ಗುರುತನ್ನು ನಮ್ಮವರು ತುಂಟತನವೆಂದು ಬೈದು ಬಿಡುತ್ತಾರೆ: ಬಳಪ, ಸುಣ್ಣ, ಗೋಡೆಯ ಮಣ್ಣು ತಿನ್ನುವುದು. ಅನೇಕ ಸಲ ಅದು ಕಬ್ಬಿಣಾಂಶದ ಕೊರತೆಯ ಕುರುಹು. ಅಂತಹ ಮಗುವಿಗೆ ಪೆಟ್ಟು ಕೊಡುವ ಬದಲು ರಕ್ತಪರೀಕ್ಷೆ ಮಾಡಿಸಬೇಕು.

ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು, 10 ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು. ಊಟವಾದ ಮೇಲೆಯೇ ಇದನ್ನು ನುಂಗಬೇಕು. ಹಲವೆಡೆ ಮಾತ್ರೆಯ ದಿನ ಸೋಮವಾರ. ನಮ್ಮ ಮನೆಗಳಲ್ಲಿ ತಾಯಿಯೊಡನೆ ಸೋಮವಾರದ ಉಪವಾಸ ಹಿಡಿಯುವ ಹೆಣ್ಣುಮಕ್ಕಳಿದ್ದಾರೆ. ಬರಿಹೊಟ್ಟೆಗೆ ಮಾತ್ರೆ ನುಂಗಿ, ಹೊಟ್ಟೆ ತೊಳಸಿ, 'ಮಾತ್ರೆಯಿಂದ ಮಗಳಿಗೆ ವಾಂತಿಯಾಯಿತು' ಎಂಬ ಮಾತು ಓಣಿಯೆಲ್ಲ ಹಬ್ಬಿ, ಮರುವಾರ ಹತ್ತು ಮಕ್ಕಳು ಬಾಯಿ ಮುಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ. ಉಪವಾಸವಿದ್ದವರು ಶಿಕ್ಷಕರಿಗೆ ತಿಳಿಸಿ ಮರುದಿನ ಊಟದ ನಂತರ ತೆಗೆದುಕೊಂಡರಾಯಿತು. ಬೆಳೆಯುವ ವಯಸ್ಸಿನ ಹುಡುಗಿಯರಿಗೆ ಉಪವಾಸ ಬೇಕೇ ಎಂದು ಕೇಳಿದರೆ, ವೈದ್ಯನಾಗಿ ನನ್ನ ಉತ್ತರ ಬೇಡವೆಂದೇ. ಮಾತ್ರೆ ತಿಂದ ಮೇಲೆ ಮಲ ಕಪ್ಪಾಗುವುದು ಸಹಜ, ಅಂಜಬೇಕಾಗಿಲ್ಲ. ಊಟದ ಜೊತೆಗೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪು, ಬೇಳೆ, ರೊಟ್ಟಿಯಲ್ಲಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ತಡೆಯಲ್ಪಡುತ್ತದೆ. ಮಕ್ಕಳಿಗೆ ಚಹಾ ಅಭ್ಯಾಸ ಮಾಡಿಸಿದವರು ನಾವೇ.

ಜಂತುಹುಳುಗಳದ್ದೂ ಇದೇ ಕಥೆ. ಕೊಕ್ಕೆಹುಳು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅದು ದೇಹ ಸೇರುವುದು ಮಲದಿಂದ ಕೆಟ್ಟ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದಾಗ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಕೊಡುತ್ತಿದ್ದಾರೆ. ಶಾಲೆ ಬಿಟ್ಟು ಹೊಲಕ್ಕೆ ಹೋಗುವ ಹುಡುಗನಿಗೂ ಈ ಮಾತ್ರೆ ಸಲ್ಲುತ್ತದೆಂಬುದು ಬಹಳ ಮನೆಗಳಿಗೆ ತಿಳಿದಿಲ್ಲ.

ಇನ್ನು ಆರಂಭದಲ್ಲಿ ಹೇಳಿದ ತಪಾಸಣೆಯ ವಿಚಾರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತಾರೆ. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಔಷಧ ವಿತರಕ, ಒಬ್ಬ ಶುಶ್ರೂಷಕಿ ಇರುತ್ತಾರೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಭೇಟಿ. ಹುಟ್ಟಿನ ನ್ಯೂನತೆ, ಪೋಷಣೆಯ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿನ ಹಿನ್ನಡೆ ಎಂಬ ನಾಲ್ಕು ಬಗೆಗಳಲ್ಲಿ ಸುಮಾರು 30 ತೊಂದರೆಗಳನ್ನು ಹುಡುಕುತ್ತಾರೆ. ಸೀಳುತುಟಿ, ತಿರುಚಿದ ಪಾದ, ಹೃದಯದ ದೋಷ, ಕಿವುಡು, ದೃಷ್ಟಿದೋಷ, ಹುಳುಕು ಹಲ್ಲು ಎಲ್ಲವೂ ಇದರಲ್ಲಿವೆ. ದೋಷ ಕಂಡರೆ ಮುಂದಿನ ಚಿಕಿತ್ಸೆ, ಶಸ್ತ್ರಚಿಕಿತ್ಸೆಯೂ ಉಚಿತ.

ದೃಷ್ಟಿದೋಷದ ವಿಷಯದಲ್ಲಿ ಒಂದು ಮಾತು. ಹುಟ್ಟಿನಿಂದಲೇ ಮಂಜಾಗಿ ಕಾಣುವ ಮಗುವಿಗೆ ಲೋಕವೇ ಮಂಜೆಂದು ತೋರುತ್ತದೆ. 'ನನಗೆ ಕಾಣುವುದಿಲ್ಲ' ಎಂದು ಅದು ಎಂದೂ ಹೇಳಲಾರದು. ಹಲಗೆಯ ಮೇಲಿನದನ್ನು ತಪ್ಪು ಬರೆದುಕೊಂಡು ದಡ್ಡನೆನಿಸಿಕೊಳ್ಳುತ್ತದೆ. ಒಂದು ಕಣ್ಣು ಮಾತ್ರ ದುರ್ಬಲವಾಗಿದ್ದರೆ ಏಳೆಂಟು ವರ್ಷದೊಳಗೆ ಚಿಕಿತ್ಸೆಯಾಗಬೇಕು. ತಡವಾದಷ್ಟೂ ಆ ಕಣ್ಣಿಗೆ ನೋಟ ಕಲಿಸುವುದು ಕಠಿಣ. ಚೀಟಿ ಒಂದು ವರ್ಷ ಚೀಲದಲ್ಲಿ ಉಳಿದರೆ ಆಗುವ ನಷ್ಟ ಇಂಥದ್ದು.

ಆ ಬಾಲಕಿಯ ಚೀಟಿಯನ್ನು ನಾವು ಎರಡನೆಯ ಸಲ ಬರೆಯುತ್ತಿದ್ದಾಗ, ಪಕ್ಕದ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಬಿಸಿಯೂಟದ ಅಡುಗೆಯವರು, "ಆಕಿ ಆಯಿನ್ನ ನಾ ಕರಕೊಂಡು ಬರ್ತೀನ್ರಿ ಸರ, ನೀವು ದಿನ ಹೇಳ್ರಿ" ಎಂದರು. ಯಾವ ಮಗು ಊಟ ಬಿಡುತ್ತದೆ, ಯಾರ ಮನೆಯಲ್ಲಿ ಹಿರಿಯರಿಲ್ಲ, ಯಾರ ತಾಯಿ ಎಂದು ಊರಿಗೆ ಮರಳುತ್ತಾಳೆ ಎಂಬುದೆಲ್ಲ ಆ ತಾಯಿಗೆ ಬಾಯಿಪಾಠ. ನಮ್ಮ ದಾಖಲೆಯಲ್ಲಿ ಅವರಿಗೊಂದು ಅಂಕಣವೂ ಇರಲಿಲ್ಲ. ಅವರೇ ಅಜ್ಜಿ ಮೊಮ್ಮಗಳನ್ನು ಬಸ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆತಂದರು. ಹೃದಯದ ಗೋಡೆಯಲ್ಲಿ ರಂಧ್ರವಿತ್ತು, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೂರನೆಯ ವರ್ಷ ಆಕೆಯ ಎದೆಯ ನಡುವೆ ಮಾಗಿದ ಗಾಯದ ಗೆರೆಯಿತ್ತು, ಸಪ್ಪಳ ಇರಲಿಲ್ಲ.

ಅಂದಿನಿಂದ ನಾನು ಭೇಟಿಯಿತ್ತ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರನ್ನು ಒಂದೇ ಬೇಡಿಕೊಳ್ಳುತ್ತ ಬಂದೆ. ತಪಾಸಣೆಯ ದಿನವನ್ನು ಎಂಟು ದಿನ ಮೊದಲೇ ಓಣಿಗಳಲ್ಲಿ ತಿಳಿಸಬೇಕು. ಸುಗ್ಗಿ, ಗುಳೆಯ ತಿಂಗಳುಗಳನ್ನು ಬಿಟ್ಟು ದಿನ ಕೇಳಬೇಕು. ಚೀಟಿಯನ್ನು ಮಗುವಿನ ಕೈಗಲ್ಲ, ಹಿರಿಯರ ಕೈಗೆ ಕೊಟ್ಟು ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಆ ಹೆಸರುಗಳನ್ನು ಮುಂದಿನ ಪಾಲಕರ ಸಭೆಯವರೆಗೆ ಕಾಯದೆ ತಿಂಗಳೊಳಗೆ ಆಶಾ ಕಾರ್ಯಕರ್ತೆಯೊಂದಿಗೆ ಕುಳಿತು ನೋಡಬೇಕು. ಇದಕ್ಕೆ ಹಣ ಬೇಡ, ಒಂದು ಸಂಜೆ ಸಾಕು.

ಈ ತಪಾಸಣೆ ಸರ್ಕಾರಿ ಶಾಲೆಗಳಂತೆ ಅನುದಾನಿತ ಶಾಲೆಗಳಿಗೂ ಅನ್ವಯಿಸುತ್ತದೆ. ಮಠಗಳ ಆಶ್ರಯದ ಅನುದಾನಿತ ಶಾಲೆಗಳೂ ಇದರಲ್ಲಿ ಸೇರುತ್ತವೆ. ಪ್ರಸಾದ ನಿಲಯದಲ್ಲಿರುವ ಮಗುವಿನ ಪಾಲಕರು ಹಬ್ಬಕ್ಕೆ, ಜಾತ್ರೆಗೆ ಬಂದಾಗ ಅಂಕಪಟ್ಟಿಯೊಡನೆ ಆರೋಗ್ಯ ಕಾರ್ಡನ್ನೂ ಕೇಳಿ ನೋಡಬೇಕು. ಈ ವರ್ಷದ ತಪಾಸಣೆಯ ಪುಟ ಖಾಲಿಯಿದ್ದರೆ ತಂಡ ಇನ್ನೂ ಬಂದಿಲ್ಲವೆಂದು ಅರ್ಥ. ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ದಿನಾಂಕ ತಿಳಿಯುತ್ತದೆ.