ಬೀದಿ ಮಕ್ಕಳ ನಡುವೆ ಮಿಷನರಿಗಳು: ಕರುಣೆ, ಕರಾರು ಮತ್ತು ಕಾನೂನು

ರೈಲು ಮತ್ತು ಬಸ್ ನಿಲ್ದಾಣಗಳಲ್ಲಿ ಒಂಟಿಯಾಗಿ ಅಲೆಯುವ ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ನೀಡುವ ಕಾರ್ಯದಲ್ಲಿ ಕ್ರೈಸ್ತ ಮಿಷನರಿ ಸಂಸ್ಥೆಗಳ ಪಾತ್ರ ದೊಡ್ಡದು. ಆ ಸೇವೆಯ ಸುತ್ತ ಎದ್ದಿರುವ ವಿವಾದವೂ ಚಿಕ್ಕದಲ್ಲ. ಇದು ನಿಷ್ಕಾಮ ಸೇವೆ ಎನ್ನುವುದು ಒಂದು ಪಕ್ಷ; ಮತಾಂತರಕ್ಕೆ ಹಾಕಿದ ಗಾಳ ಎನ್ನುವುದು ಇನ್ನೊಂದು ಪಕ್ಷ. ಈ ವಾಗ್ವಾದದಲ್ಲಿ ಮರೆಯಾಗುವುದು ಮಾತ್ರ ಮಗುವೇ. ತನ್ನವರೆಂಬವರು ಯಾರೂ ಬಳಿಯಿಲ್ಲದ ಮಗುವಿನ ಪರವಾಗಿ ನಿರ್ಧಾರ ಕೈಗೊಳ್ಳುವವರು ಯಾರು? ಆ ನಿರ್ಧಾರವನ್ನು ಪರಿಶೀಲಿಸುವವರು ಯಾರು? ಈ ಎರಡು ಪ್ರಶ್ನೆಗಳ ಬೆಳಕಿನಲ್ಲಿ ಮಿಷನರಿ ಸೇವೆಯ ಇತಿಹಾಸವನ್ನು ಅವಲೋಕಿಸುವುದು ಉಪಯುಕ್ತ.

ಟ್ಯೂರಿನ್ ನಗರದ ಕರಾರು ಪತ್ರ

ಬೀದಿ ಮಕ್ಕಳ ಸೇವೆಗೆ ಒಂದು ನಿರ್ದಿಷ್ಟ ಪದ್ಧತಿಯನ್ನು ರೂಪಿಸಿದವರಲ್ಲಿ ಇಟಲಿಯ ಪಾದ್ರಿ ಜಾನ್ ಬೋಸ್ಕೊ ಪ್ರಮುಖರು. 1815ರಲ್ಲಿ ರೈತ ಕುಟುಂಬದಲ್ಲಿ ಜನಿಸಿ, 1841ರಲ್ಲಿ ಗುರುದೀಕ್ಷೆ ಪಡೆದ ಅವರು ಟ್ಯೂರಿನ್ ನಗರದ ಸೆರೆಮನೆಗಳಿಗೆ ಭೇಟಿ ನೀಡುತ್ತಿದ್ದರು. ಕೈಗಾರಿಕೆಗಳು ತಲೆಯೆತ್ತುತ್ತಿದ್ದ ಆ ನಗರಕ್ಕೆ ಹಳ್ಳಿಗಳಿಂದ ಕೂಲಿ ಅರಸಿ ಬಂದ ಹುಡುಗರು ಕಳ್ಳತನಕ್ಕಿಳಿದು ಜೈಲು ಸೇರುತ್ತಿದ್ದರು. ಬಿಡುಗಡೆಯಾದ ಮೇಲೆ ಹೋಗಲು ಠಾವಿಲ್ಲದೆ ಮತ್ತೆ ಅಲ್ಲಿಗೇ ಮರಳುತ್ತಿದ್ದರು.

1846ರಲ್ಲಿ ವಾಲ್ಡೊಕ್ಕೊ ಎಂಬಲ್ಲಿ ಒಂದು ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು ಅವರು ತಮ್ಮ ಕಾರ್ಯಕ್ಕೆ ನೆಲೆ ಕಲ್ಪಿಸಿದರು. ಆರಂಭದಲ್ಲಿ ಆಶ್ರಯ ಕೊಟ್ಟ ಹುಡುಗರು ಬೆಳಗಾಗುವಷ್ಟರಲ್ಲಿ ಹೊದಿಕೆಗಳೊಂದಿಗೆ ಪರಾರಿಯಾಗಿದ್ದರೆಂದು ಅವರೇ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಆದರೂ ಅವರು ಬಾಗಿಲು ಮುಚ್ಚಲಿಲ್ಲ.

ಅವರ ಕಾರ್ಯದಲ್ಲಿ ಗಮನಾರ್ಹವಾದುದು ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಮಾಲೀಕರೊಂದಿಗೆ ಮಾಡಿಕೊಂಡ ಲಿಖಿತ ಕರಾರು. 1852ರ ಇಂಥ ಒಂದು ಕರಾರಿನಲ್ಲಿ ಬಡಗಿ, ಕೆಲಸ ಕಲಿಯುವ ಹುಡುಗ, ಅವನ ತಂದೆ ಮತ್ತು ಬೋಸ್ಕೊ ಎಲ್ಲರೂ ಪಾಲುದಾರರು. ಹುಡುಗನನ್ನು ತಿದ್ದುವುದು ಮಾತಿನಿಂದಲೇ ಹೊರತು ಹೊಡೆತದಿಂದಲ್ಲ, ವೃತ್ತಿಗೆ ಸಂಬಂಧಿಸದ ಚಾಕರಿ ಮಾಡಿಸುವಂತಿಲ್ಲ, ಹಬ್ಬದ ದಿನಗಳಲ್ಲಿ ಬಿಡುವು ನೀಡಬೇಕು ಎಂಬ ಷರತ್ತುಗಳು ಅದರಲ್ಲಿದ್ದವು. ಕರುಣೆಯೊಂದೇ ಸಾಲದು, ದುರ್ಬಲನ ರಕ್ಷಣೆಗೆ ಸಹಿ ಮಾಡಿದ ಕಾಗದವೂ ಬೇಕು ಎಂಬ ತಿಳಿವಳಿಕೆ ಆಗಲೇ ಇತ್ತೆಂಬುದಕ್ಕೆ ಇದು ಸಾಕ್ಷಿ.

ಬೆಂಗಳೂರಿನ ಓಣಿಗಳಿಗೆ

ಬೋಸ್ಕೊ 1859ರಲ್ಲಿ ಸ್ಥಾಪಿಸಿದ ಸಲೇಶಿಯನ್ ಸಭೆ 1906ರಲ್ಲಿ ತಂಜಾವೂರಿನ ಮೂಲಕ ಭಾರತಕ್ಕೆ ಕಾಲಿಟ್ಟಿತು. ಅದೇ ಸಭೆಯ ವಿದ್ಯಾರ್ಥಿಗಳು 1980ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಮಕ್ಕಳನ್ನು ಭೇಟಿಯಾಗಲಾರಂಭಿಸಿದರು. ಹೀಗೆ ಹುಟ್ಟಿದ ಸಂಸ್ಥೆಗೆ ಇಟ್ಟ ಹೆಸರು ಅಚ್ಚ ಕನ್ನಡದ್ದು: 'ಬೆಂಗಳೂರು ಓಣಿಯವರ ಸೇವಾ ಕೂಟ'. ಅದರ ಇಂಗ್ಲಿಷ್ ಸಂಕ್ಷಿಪ್ತ ರೂಪ 'ಬೋಸ್ಕೊ' ಎಂದಾಗುತ್ತದೆ.

ಮಗು ಸಂಸ್ಥೆಯನ್ನು ಹುಡುಕಿಕೊಂಡು ಬರಲೆಂದು ಕಾಯದೆ, ಕಾರ್ಯಕರ್ತರೇ ಮಗುವಿರುವಲ್ಲಿಗೆ ಹೋಗುವುದು ಈ ಪದ್ಧತಿಯ ಮೊದಲ ಹೆಜ್ಜೆ. ಬಡತನ, ತಂದೆಯ ಕುಡಿತ, ಮನೆಯಲ್ಲಿನ ಹಿಂಸೆ, ಪರೀಕ್ಷೆಯ ಭಯ, ಮಹಾನಗರದ ಆಕರ್ಷಣೆ ಹೀಗೆ ಮನೆ ಬಿಡಲು ಕಾರಣಗಳು ಹಲವು. ರೈಲಿನಿಂದಿಳಿದ ಮಗುವನ್ನು ದಲ್ಲಾಳಿಯೂ ಕಾಣಬಲ್ಲ, ಕಾರ್ಯಕರ್ತನೂ ಕಾಣಬಲ್ಲ. ಯಾರು ಮೊದಲು ಕಾಣುತ್ತಾರೆಂಬುದರ ಮೇಲೆ ಅದರ ಭವಿಷ್ಯ ನಿಂತಿರುತ್ತದೆ. ಆದ್ದರಿಂದಲೇ ನಿಲ್ದಾಣದಲ್ಲಿ ಕಳೆಯುವ ಮೊದಲ ಕೆಲವು ಗಂಟೆಗಳು ನಿರ್ಣಾಯಕ. ಅನಂತರದ ಹಂತಗಳು ತಾತ್ಕಾಲಿಕ ಆಸರೆ, ಮನೆಯವರ ಪತ್ತೆ ಮತ್ತು ವೃತ್ತಿ ತರಬೇತಿ.

ಕೋಲ್ಕತಾದ ಹೊಗಳಿಕೆ, ತೆಗಳಿಕೆ

ಮಿಷನರಿ ಸೇವೆಯೆಂದರೆ ಬಹುತೇಕರಿಗೆ ಮೊದಲು ನೆನಪಾಗುವುದು ಮದರ್ ತೆರೇಸಾ. 1950ರಲ್ಲಿ ಮಿಷನರೀಸ್ ಆಫ್ ಚಾರಿಟಿ ಸಭೆಯನ್ನು ಸ್ಥಾಪಿಸಿದ ಅವರು, 1952ರಲ್ಲಿ ಕಾಳಿಘಾಟ್‌ನ ದೇವಾಲಯದ ಪಕ್ಕದಲ್ಲಿ, ನಗರಪಾಲಿಕೆ ಒದಗಿಸಿದ ಕಟ್ಟಡದಲ್ಲಿ ಮರಣೋನ್ಮುಖರಿಗಾಗಿ 'ನಿರ್ಮಲ ಹೃದಯ'ವನ್ನೂ, 1955ರಲ್ಲಿ ಅನಾಥ ಮಕ್ಕಳಿಗಾಗಿ 'ಶಿಶು ಭವನ'ವನ್ನೂ ತೆರೆದರು. 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ, 1980ರಲ್ಲಿ ಭಾರತರತ್ನ ಅವರಿಗೆ ಸಂದವು.

ಟೀಕೆಗಳೂ ತಪ್ಪಲಿಲ್ಲ. ನಿರ್ಮಲ ಹೃದಯದಲ್ಲಿ ರೋಗನಿದಾನ ಮತ್ತು ನೋವು ನಿವಾರಣೆಯ ವ್ಯವಸ್ಥೆ ಸಮರ್ಪಕವಾಗಿಲ್ಲವೆಂದು 1994ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ರಾಬಿನ್ ಫಾಕ್ಸ್ ಬರೆದರು. ಸಾಯುತ್ತಿರುವವರಿಗೆ ಗುಟ್ಟಾಗಿ ಜ್ಞಾನಸ್ನಾನ ಮಾಡಿಸಲಾಗುತ್ತಿತ್ತೆಂದು ಸಭೆಯನ್ನು ತೊರೆದ ಸನ್ಯಾಸಿನಿಯೊಬ್ಬರು ಮಾಡಿದ್ದ ಆರೋಪವನ್ನು ಕ್ರಿಸ್ಟೋಫರ್ ಹಿಚನ್ಸ್ 1995ರ ತಮ್ಮ ಕೃತಿಯಲ್ಲಿ ಪ್ರಸ್ತಾಪಿಸಿದರು. ಈ ಆರೋಪದ ತಿರುಳು ಧರ್ಮಕ್ಕಿಂತ ಹೆಚ್ಚಾಗಿ ಸಮ್ಮತಿಗೆ ಸಂಬಂಧಿಸಿದ್ದು. ಸಾವಿನಂಚಿನಲ್ಲಿರುವವರ ಮತ್ತು ಹಸಿದ ಮಗುವಿನ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆಯೆಂದು ಪರಿಗಣಿಸುವುದು ಕಷ್ಟ. ಅನ್ನ ಕೊಡುವ ಕೈಗೆ 'ಬೇಡ' ಎನ್ನುವ ಶಕ್ತಿ ಅವರಿಗಿರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 25ನೇ ವಿಧಿ ಧರ್ಮ ಪ್ರಸಾರದ ಸ್ವಾತಂತ್ರ್ಯವನ್ನು ನೀಡಿದೆ. ಆದರೆ ಪ್ರಸಾರದ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ, ಪೋಷಕರ ಸಮ್ಮತಿಯಿಲ್ಲದೆ ಅಪ್ರಾಪ್ತ ವಯಸ್ಕರಿಗೆ ಧಾರ್ಮಿಕ ಬೋಧನೆಯನ್ನು ಕಡ್ಡಾಯಗೊಳಿಸುವಂತಿಲ್ಲವೆಂದು 28ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಮಗುವಿಗೂ ಆತ್ಮಸಾಕ್ಷಿ ಹಾಗೂ ಧರ್ಮದ ಸ್ವಾತಂತ್ರ್ಯವುಂಟೆಂದು ಸಾರಿದೆ.

ದಿನನಿತ್ಯದ ವ್ಯವಹಾರದಲ್ಲಿ ಮುಖ್ಯವಾದುದು 2015ರ ಬಾಲನ್ಯಾಯ ಕಾಯ್ದೆ. ಇದರನ್ವಯ ಬೀದಿಯಲ್ಲಿ ದೊರೆತ ಮಗುವನ್ನು, ಪ್ರಯಾಣದ ಅವಧಿ ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ನಿರ್ಧರಿಸುವುದು ಅಧ್ಯಕ್ಷರು ಹಾಗೂ ನಾಲ್ವರು ಸದಸ್ಯರಿರುವ ಈ ಸಮಿತಿಯೇ ಹೊರತು ಆಶ್ರಯ ನೀಡಿದ ಸಂಸ್ಥೆಯಲ್ಲ. ಮಕ್ಕಳ ಪಾಲನಾ ಸಂಸ್ಥೆಗಳೆಲ್ಲವೂ ನೋಂದಣಿ ಮಾಡಿಸುವುದು ಕಡ್ಡಾಯ, ತಪ್ಪಿದಲ್ಲಿ ಶಿಕ್ಷೆಯುಂಟು. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಬೇಕು, ಸಾಧ್ಯವಾದಷ್ಟೂ ಮಗು ಕುಟುಂಬಕ್ಕೆ ಮರಳಬೇಕು ಎಂಬುದು ಕಾಯ್ದೆಯ ಮೂಲತತ್ತ್ವ.

ನಂಬಿಕೆ ಮತ್ತು ಕಾನೂನು ಮುಖಾಮುಖಿಯಾದ ಪ್ರಸಂಗಗಳೂ ಇವೆ. ಒಂಟಿ ವ್ಯಕ್ತಿಗಳಿಗೂ ದತ್ತು ನೀಡಲು ಅವಕಾಶವಿದ್ದ 2015ರ ಮಾರ್ಗಸೂಚಿಗೆ ತಮ್ಮ ಆತ್ಮಸಾಕ್ಷಿ ಒಪ್ಪದೆಂದು ಮಿಷನರೀಸ್ ಆಫ್ ಚಾರಿಟಿ ದತ್ತು ಕಾರ್ಯದಿಂದಲೇ ಹಿಂದೆ ಸರಿಯಿತು. 2018ರಲ್ಲಿ ರಾಂಚಿಯ ಅದರ ಆಶ್ರಮವೊಂದರಲ್ಲಿ ಶಿಶು ಮಾರಾಟ ನಡೆದ ಆರೋಪದ ಮೇಲೆ ನೌಕರಳೊಬ್ಬಳು ಮತ್ತು ಸನ್ಯಾಸಿನಿಯೊಬ್ಬರ ಬಂಧನವಾದಾಗ, ಸಭೆಯ ಎಲ್ಲ ಮಕ್ಕಳ ಆಶ್ರಮಗಳ ತಪಾಸಣೆಗೆ ಕೇಂದ್ರ ಸರ್ಕಾರ ಸೂಚಿಸಿತು. 2021ರ ಡಿಸೆಂಬರ್‌ನಲ್ಲಿ ನಿರಾಕರಿಸಲಾಗಿದ್ದ ಸಭೆಯ ವಿದೇಶಿ ದೇಣಿಗೆ ಪರವಾನಗಿಯ ನವೀಕರಣ 2022ರ ಜನವರಿಯಲ್ಲಿ ಮತ್ತೆ ದೊರೆಯಿತು.

ಕೇಳಬೇಕಾದ ಪ್ರಶ್ನೆಗಳು

ಸೇವಕರ ಅಂತರಂಗದಲ್ಲಿ ಏನಿದೆಯೆಂದು ಹೊರಗಿನವರು ಅಳೆಯಲಾಗದು. ಆದರೆ ಸಂಸ್ಥೆಗೆ ನೋಂದಣಿಯಿದೆಯೇ, ಪ್ರತಿ ಮಗುವಿನ ಕುರಿತು ಸಮಿತಿಯ ಆದೇಶವಿದೆಯೇ, ಹೆತ್ತವರ ಪತ್ತೆಗೆ ಯತ್ನ ನಡೆದಿದೆಯೇ, ಮನೆಯ ಭಾಷೆ, ಹೆಸರು, ಆಚರಣೆಗಳನ್ನು ಉಳಿಸಿಕೊಳ್ಳಲು ಮಗುವಿಗೆ ಅವಕಾಶವಿದೆಯೇ ಎಂಬುದನ್ನು ಖಂಡಿತವಾಗಿ ಪರಿಶೀಲಿಸಬಹುದು. ಈ ಪ್ರಶ್ನೆಗಳು ಮಿಷನರಿಗಳಿಗೆ ಮಾತ್ರವಲ್ಲ; ಮಠದ ಅನಾಥಾಲಯಕ್ಕೂ, ಯತೀಂಖಾನೆಗೂ, ಸರ್ಕಾರಿ ಬಾಲಮಂದಿರಕ್ಕೂ ಸಮಾನವಾಗಿ ಅನ್ವಯಿಸುತ್ತವೆ.

ನಾಗರಿಕರ ಹೊಣೆಯೂ ಇದೆ. ಒಂಟಿ ಮಗು ಕಣ್ಣಿಗೆ ಬಿದ್ದಾಗ ನಾಣ್ಯ ಕೊಟ್ಟು ಮುನ್ನಡೆಯುವ ಬದಲು 1098 ಸಹಾಯವಾಣಿಗೆ ಕರೆ ಮಾಡಬಹುದು. 1996ರಲ್ಲಿ ಮುಂಬಯಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಸೇವೆಯ ನಿರ್ವಹಣೆ 2023ರಿಂದ ಸ್ವಯಂಸೇವಾ ಸಂಸ್ಥೆಗಳಿಂದ ಸರ್ಕಾರಕ್ಕೆ ವರ್ಗಾವಣೆಗೊಂಡಿದೆ. ಸರ್ಕಾರ ಕಾಣದಿದ್ದ ಮಗುವನ್ನು ಮಿಷನರಿಗಳು ಕಂಡರೆಂಬುದು ನಿರ್ವಿವಾದ. ಹಾಗೆ ಕಂಡ ಮಗು ತಮ್ಮ ಸ್ವತ್ತಲ್ಲ, ತನ್ನದೇ ಹಕ್ಕುಗಳುಳ್ಳ ಪ್ರಜೆ ಎಂಬ ಅರಿವು ಆಸರೆ ನೀಡುವ ಎಲ್ಲರಲ್ಲೂ ಇರಬೇಕಾದುದು ಅಷ್ಟೇ ಅಗತ್ಯ.