ಸಿಬ್ಬಂದಿಗೆ ಪೊಲೀಸ್ ಪರಿಶೀಲನೆ ಯಾಕೆ?

ಪೊಲೀಸ್ ಪರಿಶೀಲನೆ ಚಾಲಕರಿಗೆ, ಕಾವಲುಗಾರರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. 2020ರ ಪೋಕ್ಸೊ ನಿಯಮಗಳ ಪ್ರಕಾರ, ಮಕ್ಕಳೊಂದಿಗೆ ಒಡನಾಡುವ ಎಲ್ಲ ಸಿಬ್ಬಂದಿಯ ಹಿನ್ನೆಲೆಯನ್ನು ಸಂಸ್ಥೆ ಕಾಲಕಾಲಕ್ಕೆ ಪರಿಶೀಲಿಸಬೇಕು. ಬೋಧಕರು, ಬೋಧಕೇತರರು, ಖಾಯಂ, ಗುತ್ತಿಗೆ ಎಂಬ ಭೇದವಿಲ್ಲ. ನನ್ನ ತರಗತಿಯಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ಈ ಕಾನೂನಿನಲ್ಲಿ ನಾವೂ ಮಕ್ಕಳೇ.

ಕರ್ನಾಟಕದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ದಾಖಲಾದ ಪ್ರಕರಣಗಳಿದ್ದರೆ ಪರಿಶೀಲನೆಯಲ್ಲಿ ತಿಳಿಯುತ್ತದೆ. ಯಾರೂ ದೂರು ಕೊಡದ ತಪ್ಪು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಪ್ರಮಾಣಪತ್ರವೊಂದೇ ಸಾಲದು. ಯಾರದಾದರೂ ವರ್ತನೆ ಸರಿಯಿಲ್ಲ ಎನಿಸಿದರೆ ಮನೆಯವರಿಗೆ ಅಥವಾ ನಂಬಿಕೆಯ ಉಪನ್ಯಾಸಕರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಪ್ರಾಮಾಣಿಕ ಸಿಬ್ಬಂದಿಗೆ ಇದರಿಂದ ಅವಮಾನವೇನೂ ಇಲ್ಲ. ಮಕ್ಕಳು ಹೆತ್ತವರು ಸಂಸ್ಥೆಗೆ ಒಪ್ಪಿಸಿದ ಅಮಾನತ್. ಅದನ್ನು ಕಾಯುವುದು ಎಲ್ಲರ ಹೊಣೆ.