ಪ್ರೋಟಾನಿನ ಸಾವಿಗೆ ಕಾದ ಗಣಿ

ನಂಗಲಿಯ ಬಯಲಲ್ಲಿ ನಿಂತು ಅಂಗೈ ಚಾಚಿ. ಹೆಚ್ಚುಕಮ್ಮಿ ಸೆಕೆಂಡಿಗೊಂದರಂತೆ ಮ್ಯುಯಾನ್ ಎಂಬ ಕಣ ಅದನ್ನು ತೂರಿಕೊಂಡು ನೆಲಕ್ಕಿಳಿಯುತ್ತದೆ. ವಿಶ್ವಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಸುರಿಯುವ ಈ ಜಡಿಮಳೆ ನಮಗೆ ಗೊತ್ತೇ ಆಗುವುದಿಲ್ಲ. ಅಪರೂಪದ ಕಣಕ್ಷಯ, ಅಂದರೆ ಕಣ ತಾನಾಗಿ ಒಡೆಯುವುದನ್ನು, ಹುಡುಕುವವರಿಗೆ ಮಾತ್ರ ಇದು ದೊಡ್ಡ ಕಾಟ.

ಈ ಮಳೆಯಿಂದ ತಪ್ಪಿಸಿಕೊಳ್ಳಲು ಅವರು ಹೊಕ್ಕಿದ್ದು ನಮ್ಮದೇ ಕೋಲಾರ ಜಿಲ್ಲೆಯ ಚಿನ್ನದ ಗಣಿಯನ್ನು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು ಇಲ್ಲಿ ಮ್ಯುಯಾನ್ ಎಣಿಸಿದ್ದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ 2.3 ಕಿ.ಮೀ. ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣ ಸಿಕ್ಕಿತು. ದೊಡ್ಡ ಸುದ್ದಿ.

1974ರಲ್ಲಿ ಭೌತವಿಜ್ಞಾನಿಗಳಾದ ಜಾರ್ಜಿ ಮತ್ತು ಗ್ಲಾಶೋ ಪ್ರೋಟಾನಿಗೂ ಸಾವುಂಟು ಎಂಬ ಸಿದ್ಧಾಂತ ಮುಂದಿಟ್ಟರು. ಆಯುಸ್ಸು ಎಷ್ಟು? 1ರ ಮುಂದೆ 31 ಸೊನ್ನೆ ಹಾಕಿದಷ್ಟು ವರ್ಷ ಅಂತಿಟ್ಟುಕೊಳ್ಳಿ. ಒಂದೇ ಪ್ರೋಟಾನನ್ನು ಕಾಯುತ್ತ ಕೂತರೆ ಆಗುವ ಕೆಲಸವಲ್ಲ. ಆದರೆ 140 ಟನ್ ಕಬ್ಬಿಣದಲ್ಲಿ ಪ್ರೋಟಾನು, ನ್ಯೂಟ್ರಾನು ಸೇರಿ 8ರ ಮುಂದೆ 31 ಸೊನ್ನೆಯಷ್ಟಿವೆ. ವರ್ಷಕ್ಕೆ ಏಳೆಂಟಾದರೂ ಸಾಯಬೇಕು!

1980ರ ಕೊನೆಗೆ ಜಪಾನಿನ ಒಸಾಕದವರ ಜೊತೆಗೂಡಿ ಅಷ್ಟು ಕಬ್ಬಿಣವನ್ನು ಅದೇ ಆಳದಲ್ಲಿ ಜೋಡಿಸಿಯಾಗಿತ್ತು. ಚೌಕದ ಕಬ್ಬಿಣದ ಕೊಳವೆ, ಒಳಗೆ ಅನಿಲ, ನಡುವೆ ಎಳೆತಂತಿ. ಒಂದು ಪದರ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಮಧ್ಯೆ ಕಬ್ಬಿಣದ ಹಲಗೆ. ಹೀಗೆ 34 ಪದರ. ಕಣ ಹಾದರೆ ತಂತಿಯಲ್ಲಿ ಮಿಡಿತ. ಯಾವ್ಯಾವ ಕೊಳವೆ ಮಿಡಿಯಿತೆಂದು ನೋಡಿ ಅದರ ಜಾಡು ಬಿಡಿಸುತ್ತಿದ್ದರು.

ಒಂದೆರಡು ವರ್ಷದಲ್ಲೇ ಕೆಲವು ಜಾಡುಗಳನ್ನು ಪ್ರೋಟಾನ್ ಕ್ಷಯ ಇರಬಹುದೆಂದು ತಂಡ ಪ್ರಕಟಿಸಿತು. ತಕರಾರು ಎದ್ದಿದ್ದು ಹಳೆಯ ನೆಂಟನಿಂದಲೇ. ಮ್ಯುಯಾನನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೊವನ್ನು ಭೂಮಿಯೇ ತಡೆಯದು. ಅದು ಕಬ್ಬಿಣಕ್ಕೆ ಬಡಿದರೂ ಹೆಚ್ಚುಕಡಿಮೆ ಅಂಥದೇ ಜಾಡು. 1965ರ ಹೆಮ್ಮೆಯೇ ಈಗ ಕಳೆ. ಇಂದು ಜಪಾನಿನ ಸೂಪರ್ ಕಾಮಿಯೊಕಾಂಡೆ ಶೋಧಕದ 50,000 ಟನ್ ನೀರಿನಲ್ಲೂ ಒಂದು ಪ್ರೋಟಾನ್ ಸತ್ತ ಖಚಿತ ಸುಳಿವಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು.

ಅಪರೂಪದ ಕಣಕ್ಷಯ ಹುಡುಕಲು ಇನ್ನೊಂದು ದಾರಿಯೂ ಇದೆ. ಜಿನೀವಾದ ಎಲ್‌ಎಚ್‌ಸಿ ಎಂಬ ಕಣ ಡಿಕ್ಕಿ ಯಂತ್ರದಲ್ಲಿ ಯಾರೂ ಹೀಗೆ ಕಾಯುವುದಿಲ್ಲ, ಪ್ರೋಟಾನುಗಳಿಗೆ ಸೆಕೆಂಡಿಗೆ ಕೋಟಿಗಟ್ಟಲೆ ಡಿಕ್ಕಿ ಹೊಡೆಸಿ ಬಹುಪಾಲನ್ನು ಆಗಲೇ ತೂರಿಬಿಡುತ್ತಾರೆ. ಬಿಎಸ್ ಮೆಸಾನ್ ಎಂಬ ಕಣ ಎರಡು ಮ್ಯುಯಾನ್ ಆಗಿ ಒಡೆಯುವುದು 100 ಕೋಟಿಗೆ ಮೂರು ಸಲ. ಅಲ್ಲಿನ ಸಿಎಂಎಸ್, ಎಲ್‌ಎಚ್‌ಸಿಬಿ ತಂಡಗಳು ಒಟ್ಟಾಗಿ 2015ರಲ್ಲಿ ಅದನ್ನು ಪ್ರಕಟಿಸಿದವು. ಸಿಎಂಎಸ್‌ನಲ್ಲಿ ಟಾಟಾ ಸಂಸ್ಥೆಯವರೂ ಇದ್ದಾರೆ. ಕೋಲಾರದಲ್ಲಿ ಯಾವ ಮ್ಯುಯಾನಿಗೆ ಹೆದರಿ ನೆಲದಡಿ ಅಡಗಿದ್ದರೋ, ಅಲ್ಲಿ ಅದೇ ಮ್ಯುಯಾನ್ ಬರುವುದನ್ನೇ ನೋಡುತ್ತ ಕೂತಿರುತ್ತಾರೆ.